ಹಳ್ಳಿಯಾಸ್ಪತ್ರೆಗಳನ್ನು ಜಗತ್ತಿನ ಪ್ರಯೋಗಾಲಯಗಳಿಗೆ ಬೆಸೆದ ಡೆನಿಸ್ ಬರ್ಕಿಟ್

ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಶ್ರೀಮಂತ ದೇಶಗಳಿಗೂ ಬಡ ದೇಶಗಳಿಗೂ ಇರುವ ಅಂತರವನ್ನು ತಗ್ಗಿಸುವ ಸಲುವಾಗಿ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಜಾಗತಿಕ ಕಾರ್ಯಕ್ರಮವೊಂದನ್ನು ಆರಂಭಿಸಿತು. ಎಲ್ಲ ದೇಶಗಳೂ ಮೊದಲು ಗಮನ ಹರಿಸಬೇಕಾದ ಆರು ಬಗೆಯ ಕ್ಯಾನ್ಸರ್‌ಗಳನ್ನು ಅದು ಗುರುತಿಸಿತು. ಆ ಆರರಲ್ಲಿ ಬರ್ಕಿಟ್ ಲಿಂಫೋಮಾ ಒಂದು. ದುಗ್ಧರಸ ವ್ಯವಸ್ಥೆಯ ಜೀವಕೋಶಗಳಲ್ಲಿ ಹುಟ್ಟಿ, ಪುಟ್ಟ ಮಕ್ಕಳ ದವಡೆ ಹಾಗೂ ಹೊಟ್ಟೆಯಲ್ಲಿ ಗಡ್ಡೆಯಾಗಿ ಕಾಣಿಸಿಕೊಳ್ಳುವ ಈ ರೋಗ, ಮನುಷ್ಯರಿಗೆ ಬರುವ ಕ್ಯಾನ್ಸರ್‌ಗಳಲ್ಲೇ ಅತಿ ವೇಗವಾಗಿ ಬೆಳೆಯುವಂಥದ್ದು. ಚಿಕಿತ್ಸೆ ದೊರೆಯದಿದ್ದರೆ ಮಗು ಕೆಲವೇ ತಿಂಗಳಲ್ಲಿ ಸಾವಿಗೀಡಾಗುತ್ತದೆ. ಸಕಾಲದಲ್ಲಿ ಸರಿಯಾದ ಚಿಕಿತ್ಸೆ ದೊರೆತರೆ ಸಂಪೂರ್ಣವಾಗಿ ಗುಣವಾಗುವ ಸಾಧ್ಯತೆಯೇ ಹೆಚ್ಚು.

ಈ ರೋಗಕ್ಕೆ ತಮ್ಮ ಹೆಸರು ಕೊಟ್ಟ ಡೆನಿಸ್ ಪಾರ್ಸನ್ಸ್ ಬರ್ಕಿಟ್ ಕ್ಯಾನ್ಸರ್ ತಜ್ಞರಾಗಿರಲಿಲ್ಲ. ಅವರ ಬಳಿ ಪ್ರಯೋಗಾಲಯವಿರಲಿಲ್ಲ, ದೊಡ್ಡ ಅನುದಾನವಿರಲಿಲ್ಲ, ಎರಡು ಕಣ್ಣುಗಳೂ ಇರಲಿಲ್ಲ. ಉಗಾಂಡದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮುರಿದ ಮೂಳೆ, ಬಾವು, ಹರ್ನಿಯಾಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಈ ವೈದ್ಯರು ಆಫ್ರಿಕಾದ ಹಳ್ಳಿಯಾಸ್ಪತ್ರೆಗಳನ್ನು ಲಂಡನ್, ನ್ಯೂಯಾರ್ಕ್, ಫಿಲಡೆಲ್ಫಿಯಾಗಳ ಸಂಶೋಧನಾ ಕೇಂದ್ರಗಳೊಂದಿಗೆ ಬೆಸೆದರು. ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ವೈರಾಣು ಪತ್ತೆಯಾದದ್ದೂ, ಔಷಧದಿಂದಲೇ ಗುಣವಾಗಬಲ್ಲ ಕ್ಯಾನ್ಸರ್‌ಗಳ ಸಾಲಿಗೆ ಒಂದು ಮಾರಕ ರೋಗ ಸೇರಿದ್ದೂ ಈ ಬೆಸುಗೆಯ ಫಲ.

ಕಲ್ಲೇಟಿಗೆ ಹೋದ ಕಣ್ಣು

ಬರ್ಕಿಟ್ 1911ರ ಫೆಬ್ರುವರಿ 28ರಂದು ಐರ್ಲೆಂಡ್‌ನ ಎನಿಸ್ಕಿಲನ್ ಪಟ್ಟಣದ ಸಮೀಪ ಜನಿಸಿದರು. ತಂದೆ ಜೇಮ್ಸ್ ಪಾರ್ಸನ್ಸ್ ಬರ್ಕಿಟ್ ವೃತ್ತಿಯಿಂದ ಎಂಜಿನಿಯರ್. ಬಿಡುವಿನ ವೇಳೆಯಲ್ಲಿ ಅವರದು ಪಕ್ಷಿವೀಕ್ಷಣೆ. ತಮ್ಮ ತೋಟದ ರಾಬಿನ್ ಹಕ್ಕಿಗಳ ಕಾಲಿಗೆ ಗುರುತಿನ ಬಳೆ ತೊಡಿಸಿ, ಯಾವ ಹಕ್ಕಿಯ ಸೀಮೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿದ ಅವರ ಕೆಲಸಕ್ಕೆ ಪಕ್ಷಿಶಾಸ್ತ್ರದಲ್ಲಿ ಗೌರವದ ಸ್ಥಾನವಿದೆ. ಕಂಡದ್ದನ್ನು ನಕ್ಷೆಗೆ ಇಳಿಸುವ ಈ ಅಭ್ಯಾಸ ಮುಂದೆ ಮಗನಲ್ಲಿಯೂ ಕಾಣಿಸಿಕೊಂಡಿತು.

ಹನ್ನೊಂದನೆಯ ವಯಸ್ಸಿನಲ್ಲಿ ಹುಡುಗರ ಜಗಳದ ನಡುವೆ ತೂರಿಬಂದ ಕಲ್ಲೊಂದು ಡೆನಿಸ್ ಅವರ ಕನ್ನಡಕಕ್ಕೆ ಬಡಿಯಿತು. ಗಾಜಿನ ಚೂರು ಹೊಕ್ಕು ಬಲಗಣ್ಣು ಶಾಶ್ವತವಾಗಿ ಹೋಯಿತು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಲು ಸೇರಿದ ಅವರು ಅಲ್ಲಿ ವೈದ್ಯಕೀಯಕ್ಕೆ ಹೊರಳಿ, 1935ರಲ್ಲಿ ಪದವಿ ಪಡೆದರು. 1938ರಲ್ಲಿ ಎಡಿನ್‌ಬರೋದಲ್ಲಿ ಶಸ್ತ್ರವೈದ್ಯರ ಉನ್ನತ ಪರೀಕ್ಷೆ ಮುಗಿಸಿದರು. ಶ್ರದ್ಧಾವಂತ ಕ್ರೈಸ್ತರಾಗಿದ್ದ ಅವರಿಗೆ ಆಫ್ರಿಕಾದಲ್ಲಿ ಸೇವೆ ಸಲ್ಲಿಸುವ ಹಂಬಲ. ಆದರೆ ಒಂದೇ ಕಣ್ಣಿನ ಶಸ್ತ್ರವೈದ್ಯ ಎಂಬ ಕಾರಣಕ್ಕೆ ವಸಾಹತು ಸೇವೆಗೆ ಸಲ್ಲಿಸಿದ ಮೊದಲ ಅರ್ಜಿ ತಿರಸ್ಕೃತವಾಯಿತು.

ಎರಡನೆಯ ಮಹಾಯುದ್ಧದ ವೇಳೆ ಸೇನಾ ವೈದ್ಯರಾಗಿ ಅವರು ಪೂರ್ವ ಆಫ್ರಿಕಾ ಹಾಗೂ ಸಿಲೋನ್‌ಗಳಲ್ಲಿ ಕೆಲಸ ಮಾಡಿದರು. 1943ರಲ್ಲಿ ದಾದಿಯಾಗಿದ್ದ ಆಲಿವ್ ರಾಜರ್ಸ್ ಅವರನ್ನು ವಿವಾಹವಾದರು. ಯುದ್ಧ ಮುಗಿದ ಬಳಿಕ, 1946ರಲ್ಲಿ, ಉಗಾಂಡದ ಉತ್ತರ ಭಾಗದ ಲಿರಾ ಎಂಬಲ್ಲಿನ ಆಸ್ಪತ್ರೆಗೆ ನೇಮಕವಾಯಿತು.

ಲಿರಾದಲ್ಲಿ ಅವರ ಗಮನ ಸೆಳೆದದ್ದು ವೃಷಣದ ಚೀಲದಲ್ಲಿ ನೀರು ತುಂಬಿ ಬಾತುಕೊಳ್ಳುವ ಹೈಡ್ರೋಸೀಲ್. ಜಿಲ್ಲೆಯ ಪೂರ್ವ ಭಾಗದಿಂದ ಇಂಥ ರೋಗಿಗಳು ಸಾಲುಗಟ್ಟಿ ಬರುತ್ತಿದ್ದರು; ಪಶ್ಚಿಮ ಭಾಗದಿಂದ ಬರುವವರು ತೀರಾ ವಿರಳ. ಊರೂರು ಸುತ್ತಿ ಪರೀಕ್ಷಿಸಿದಾಗ ಈ ವ್ಯತ್ಯಾಸ ನಿಜವೆಂದು ಖಚಿತವಾಯಿತು. ಆನೆಕಾಲು ರೋಗಕ್ಕೆ ಕಾರಣವಾಗುವಂಥ, ಸೊಳ್ಳೆಗಳು ಹರಡುವ ಹುಳುಗಳೇ ಇದಕ್ಕೂ ಮೂಲ. ರೋಗ ಯಾವುದು ಎಂಬ ಪ್ರಶ್ನೆಯಷ್ಟೇ, ಅದು ಎಲ್ಲಿದೆ, ಎಲ್ಲಿಲ್ಲ ಎಂಬ ಪ್ರಶ್ನೆಯೂ ಮುಖ್ಯ ಎಂಬುದು ಬರ್ಕಿಟ್ ಅವರಿಗೆ ಮನದಟ್ಟಾದದ್ದು ಇಲ್ಲಿಯೇ.

ಎರಡು ಮಕ್ಕಳು, ಒಂದು ಅನುಮಾನ

1948ರಲ್ಲಿ ಅವರಿಗೆ ರಾಜಧಾನಿ ಕಂಪಾಲಾದ ಮುಲಾಗೊ ಆಸ್ಪತ್ರೆಗೆ ವರ್ಗವಾಯಿತು. ಮಕೆರೆರೆ ವೈದ್ಯಕೀಯ ಕಾಲೇಜಿಗೆ ಸೇರಿದ ಬೋಧನಾ ಆಸ್ಪತ್ರೆ ಅದು. 1957ರಲ್ಲಿ ಅಲ್ಲಿನ ಹಿರಿಯ ವೈದ್ಯ ಹ್ಯೂ ಟ್ರೋವೆಲ್ ತಮ್ಮ ವಾರ್ಡಿನಲ್ಲಿದ್ದ ಸುಮಾರು ಐದು ವರ್ಷದ ಬಾಲಕನೊಬ್ಬನನ್ನು ನೋಡುವಂತೆ ಬರ್ಕಿಟ್ ಅವರನ್ನು ಕರೆಸಿದರು. ಬಾಲಕನ ಮೇಲಿನ ಮತ್ತು ಕೆಳಗಿನ ದವಡೆಗಳ ಎರಡೂ ಬದಿಗಳು ಊದಿಕೊಂಡು, ಹಲ್ಲುಗಳು ಸಡಿಲಗೊಂಡು, ಮುಖವೇ ವಿಕಾರವಾಗಿತ್ತು. ಸೋಂಕು ಎನ್ನೋಣವೆಂದರೆ ನಾಲ್ಕೂ ಕಡೆ ಒಮ್ಮೆಗೇ ಬರುವುದಿಲ್ಲ. ಕ್ಯಾನ್ಸರ್ ಕೂಡ ಹಾಗೆ ಬಂದದ್ದನ್ನು ಅವರು ಕಂಡಿರಲಿಲ್ಲ.

ಕೆಲವೇ ವಾರಗಳ ಬಳಿಕ ನೈಲ್ ನದಿಯ ದಂಡೆಯ ಜಿಂಜಾ ಪಟ್ಟಣದ ಆಸ್ಪತ್ರೆಗೆ ಹೋಗಿದ್ದಾಗ, ಅಂಥದ್ದೇ ಊದಿದ ಮುಖದ ಮತ್ತೊಂದು ಮಗು ಅವರ ಕಣ್ಣಿಗೆ ಬಿತ್ತು. ಆ ಬಾಲಕಿಯ ಹೊಟ್ಟೆಯಲ್ಲಿಯೂ ಗಡ್ಡೆಗಳಿದ್ದವು. ಒಂದು ಮಗುವನ್ನು ಅಪರೂಪದ ಪ್ರಕರಣವೆಂದು ಬದಿಗಿರಿಸಬಹುದಿತ್ತು. ಎರಡನೆಯದು ಸುಮ್ಮನಿರಲು ಬಿಡಲಿಲ್ಲ.

ಬರ್ಕಿಟ್ ಮುಲಾಗೊದ ಹಳೆಯ ದಾಖಲೆಗಳನ್ನು ತೆಗೆದು ಕುಳಿತರು. ದವಡೆಯ ಗಡ್ಡೆ, ಮೂತ್ರಪಿಂಡದ ಗಡ್ಡೆ, ಅಂಡಾಶಯದ ಗಡ್ಡೆ ಎಂದು ಬೇರೆ ಬೇರೆ ಹೆಸರುಗಳಲ್ಲಿ ದಾಖಲಾಗಿದ್ದ ಅನೇಕ ಮಕ್ಕಳ ಕಾಯಿಲೆ ಒಂದೇ ಎಂಬ ಅನುಮಾನ ಬಲಿಯಿತು. 1958ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯಕೀಯ ಪತ್ರಿಕೆಯೊಂದರಲ್ಲಿ ಅವರ ಲೇಖನ ಪ್ರಕಟವಾದಾಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಆಗ ಕಂಪಾಲಾದಲ್ಲಿದ್ದ ಅಮೆರಿಕದ ರೋಗಶಾಸ್ತ್ರಜ್ಞ ಗ್ರೆಗರಿ ಓಕಾನರ್, ಕಂಪಾಲಾದ ರೋಗಶಾಸ್ತ್ರ ವಿಭಾಗದ ಜ್ಯಾಕ್ ಡೇವಿಸ್ ಜೊತೆಗೂಡಿ ಸೂಕ್ಷ್ಮದರ್ಶಕದ ಅಡಿಯಲ್ಲಿ ಪರಿಶೀಲಿಸಿ, ಇದು ಲಿಂಫೋಮಾ ಎಂಬುದನ್ನು ತೋರಿಸಿಕೊಟ್ಟರು. ಕಂಪಾಲಾದಲ್ಲಿ ದಾಖಲಾದ ಮಕ್ಕಳ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟು ಇದೇ ಗುಂಪಿಗೆ ಸೇರಿದ್ದವು.

ಅಂಚೆಯಲ್ಲಿ ಹೋದ ಚಿತ್ರಗಳು

ರೋಗ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ತಿಳಿಯಲು ಬರ್ಕಿಟ್ ಅನುಸರಿಸಿದ ದಾರಿ ಸರಳವಾದದ್ದು. ಅವರಿಗೆ ದೊರೆತ ಮೊದಲ ಸರ್ಕಾರಿ ಅನುದಾನ 25 ಪೌಂಡ್. ಅದರಲ್ಲಿ ರೋಗಪೀಡಿತ ಮಕ್ಕಳ ಚಿತ್ರಗಳಿದ್ದ ಕರಪತ್ರಗಳನ್ನು ಮುದ್ರಿಸಿ, ಆಫ್ರಿಕಾದಾದ್ಯಂತ ಇರುವ ಸರ್ಕಾರಿ ಹಾಗೂ ಮಿಷನ್ ಆಸ್ಪತ್ರೆಗಳಿಗೆ ಅಂಚೆಯ ಮೂಲಕ ಕಳುಹಿಸಿದರು. ಇಂಥ ಮಕ್ಕಳನ್ನು ನೋಡಿರುವಿರಾ ಎಂಬುದಷ್ಟೇ ಪ್ರಶ್ನೆ. ಉತ್ತರಗಳು ಬಂದಂತೆಲ್ಲ ಕಚೇರಿಯ ಗೋಡೆಯ ಮೇಲಿದ್ದ ಆಫ್ರಿಕಾದ ನಕ್ಷೆಯಲ್ಲಿ ಗುಂಡುಸೂಜಿಗಳು ಹೆಚ್ಚತೊಡಗಿದವು. ಅವು ಭೂಮಧ್ಯರೇಖೆಯ ಎರಡೂ ಬದಿಗೆ ಹರಡಿದ ಒಂದು ಪಟ್ಟಿಯಾಗಿ ಮೂಡಿದವು. ಪೂರ್ವದಲ್ಲಿ ಈ ಪಟ್ಟಿಗೆ ಮೊಜಾಂಬಿಕ್‌ನ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಇಳಿದ ಬಾಲವೊಂದಿತ್ತು.

ಪಟ್ಟಿಯ ಅಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನು ಕಣ್ಣಾರೆ ಕಾಣಲು 1961ರ ಅಕ್ಟೋಬರ್‌ನಲ್ಲಿ ಅವರು ರಸ್ತೆಗಿಳಿದರು. ಜೊತೆಯಲ್ಲಿ ಮಿಷನ್ ವೈದ್ಯರಾದ ಟೆಡ್ ವಿಲಿಯಮ್ಸ್ ಮತ್ತು ಕ್ಲಿಫ್ ನೆಲ್ಸನ್. ಬಳಸಿ ಮಾರಿದ ಹಳೆಯ ಫೋರ್ಡ್ ವಾಹನವೊಂದರಲ್ಲಿ ಹತ್ತು ವಾರಗಳ ಕಾಲ, ಸುಮಾರು 10,000 ಮೈಲಿ ಸಂಚರಿಸಿ, ದಕ್ಷಿಣ ಆಫ್ರಿಕಾದವರೆಗೆ ಹೋಗಿ ಮರಳಿದರು. ದಾರಿಯುದ್ದಕ್ಕೂ 50ಕ್ಕೂ ಹೆಚ್ಚು ಆಸ್ಪತ್ರೆಗಳಿಗೆ ಭೇಟಿ ನೀಡಿ, ಅಲ್ಲಿನ ವೈದ್ಯರಿಗೆ ಚಿತ್ರಗಳನ್ನು ತೋರಿಸಿ ವಿಚಾರಿಸಿದರು.

ಈ ಪ್ರವಾಸದಿಂದ ತಿಳಿದುಬಂದ ಸಂಗತಿ ವಿಸ್ಮಯಕಾರಿಯಾಗಿತ್ತು. ಎತ್ತರದ ತಂಪು ಪ್ರದೇಶಗಳಲ್ಲಿ ರೋಗವಿರಲಿಲ್ಲ. ಬಿಸಿಲು ಮತ್ತು ಮಳೆ ಎರಡೂ ಇರುವ ತಗ್ಗು ಪ್ರದೇಶಗಳಲ್ಲಿ ಇತ್ತು. ಎತ್ತರವೆಂದು ಮೊದಲು ಕಂಡದ್ದು ವಾಸ್ತವವಾಗಿ ಉಷ್ಣಾಂಶದ ಗಡಿ ಎಂಬುದನ್ನು ಎಂಟೆಬೆಯ ವೈರಾಣು ಸಂಶೋಧನಾ ಸಂಸ್ಥೆಯ ಅಲೆಕ್ಸಾಂಡರ್ ಹ್ಯಾಡೊ ಗುರುತಿಸಿದರು. ಉಷ್ಣಾಂಶ ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಕಡೆ ರೋಗವಿರಲಿಲ್ಲ. ಬಿಸಿ ಮತ್ತು ತೇವ ಇದ್ದಲ್ಲಿ ಸೊಳ್ಳೆಯಿರುತ್ತದೆ. ಸೊಳ್ಳೆಯೇ ಯಾವುದೋ ವೈರಾಣುವನ್ನು ಹರಡಿ ಈ ಕ್ಯಾನ್ಸರ್ ತರುತ್ತಿರಬಹುದೇ ಎಂಬ ಊಹೆ ಹುಟ್ಟಿತು. ಅದು ಪೂರ್ತಿ ಸರಿಯಾಗಿರಲಿಲ್ಲ. ಸೊಳ್ಳೆಯ ಪಾತ್ರವಿದ್ದದ್ದು ನಿಜ. ಆದರೆ ಅದು ಹೊತ್ತು ತರುತ್ತಿದ್ದುದು ವೈರಾಣುವನ್ನಲ್ಲ, ಮಲೇರಿಯಾವನ್ನು. ಪದೇ ಪದೇ ಬರುವ ತೀವ್ರ ಮಲೇರಿಯಾ ಮಗುವಿನ ರೋಗನಿರೋಧಕ ವ್ಯವಸ್ಥೆಯನ್ನು ಏರುಪೇರು ಮಾಡಿ, ಅದಾಗಲೇ ದೇಹದಲ್ಲಿರುವ ಇನ್ನೊಂದು ವೈರಾಣುವಿಗೆ ದಾರಿ ಮಾಡಿಕೊಡುತ್ತದೆ ಎಂಬ ತಿಳಿವಳಿಕೆ ಕ್ರಮೇಣ ಗಟ್ಟಿಯಾಯಿತು.

ಮಂಜಿನಲ್ಲಿ ಸಿಲುಕಿದ ವಿಮಾನ

ಆ ಇನ್ನೊಂದು ವೈರಾಣು ಸಿಕ್ಕಿದ್ದು ಲಂಡನ್ನಿನಲ್ಲಿ. ದೀರ್ಘ ಪ್ರವಾಸಕ್ಕೂ ಮುನ್ನ, 1961ರ ಮಾರ್ಚ್ 22ರಂದು, ರಜೆಯ ಮೇಲೆ ಇಂಗ್ಲೆಂಡಿಗೆ ಬಂದಿದ್ದ ಬರ್ಕಿಟ್ ಅಲ್ಲಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಉಪನ್ಯಾಸ ನೀಡಿದರು. ಸಭಿಕರಲ್ಲಿ ಆ ಆಸ್ಪತ್ರೆಯ ಯುವ ವಿಜ್ಞಾನಿ ಆಂಥನಿ ಎಪ್‌ಸ್ಟೀನ್ ಇದ್ದರು. ಕೋಳಿಗಳಲ್ಲಿ ಕ್ಯಾನ್ಸರ್ ತರುವ ವೈರಾಣುವಿನ ಮೇಲೆ ಕೆಲಸ ಮಾಡುತ್ತಿದ್ದ ಎಪ್‌ಸ್ಟೀನ್ ಅವರಿಗೆ, ಹವಾಮಾನವನ್ನು ಅವಲಂಬಿಸಿದ ಈ ಕ್ಯಾನ್ಸರ್‌ನ ಹಿಂದೆಯೂ ವೈರಾಣುವೊಂದು ಇರಲೇಬೇಕೆನಿಸಿತು. ಉಪನ್ಯಾಸ ಮುಗಿದ ಮೇಲೆ ಇಬ್ಬರೂ ಮಾತನಾಡಿದರು, ಒಪ್ಪಂದವಾಯಿತು.

ಕಂಪಾಲಾದಲ್ಲಿ ಮಕ್ಕಳ ಗಡ್ಡೆಯಿಂದ ತೆಗೆದ ಮಾದರಿಗಳು ರಾತ್ರಿಯ ವಿಮಾನವೇರಿ ಲಂಡನ್ ತಲುಪತೊಡಗಿದವು. ಎರಡು ವರ್ಷಗಳ ಕಾಲ ಎಪ್‌ಸ್ಟೀನ್ ಅವರಿಗೆ ಸಿಕ್ಕಿದ್ದು ನಿರಾಶೆಯೊಂದೇ. ವೈರಾಣು ಕಾಣಿಸಲಿಲ್ಲ, ಜೀವಕೋಶಗಳು ಪ್ರಯೋಗಾಲಯದಲ್ಲಿ ಬೆಳೆಯಲಿಲ್ಲ. 1963ರ ಡಿಸೆಂಬರ್‌ನಲ್ಲಿ ಮಾದರಿ ಹೊತ್ತ ವಿಮಾನವೊಂದು ಲಂಡನ್ನಿನ ದಟ್ಟ ಮಂಜಿನಿಂದಾಗಿ ಮ್ಯಾಂಚೆಸ್ಟರ್‌ಗೆ ಹೋಗಿ ಇಳಿಯಿತು. ತಡವಾಗಿ ಕೈಸೇರಿದ ಶೀಶೆಯಲ್ಲಿನ ದ್ರವ ಕದಡಿಹೋಗಿತ್ತು. ಕೊಳೆತಿದೆಯೆಂದು ಚೆಲ್ಲಿಬಿಡಬಹುದಾಗಿದ್ದ ಅದನ್ನು ಎಪ್‌ಸ್ಟೀನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಂಡದ್ದು ಬ್ಯಾಕ್ಟೀರಿಯಾ ಅಲ್ಲ. ಗಡ್ಡೆಯಿಂದ ಬಿಡಿಸಿಕೊಂಡು ದ್ರವದಲ್ಲಿ ತೇಲುತ್ತಿದ್ದ ಜೀವಂತ ಕೋಶಗಳು.

ಹಾಗೆ ತೇಲುವ ಸ್ಥಿತಿಯಲ್ಲಿಯೇ ಬೆಳೆಸಿದಾಗ ಅವು ಬೆಳೆದವು. ಸಹೋದ್ಯೋಗಿಗಳಾದ ಇವೊನ್ ಬಾರ್ ಮತ್ತು ಬರ್ಟ್ ಅಚಾಂಗ್ ಜೊತೆಗೂಡಿ ನಡೆಸಿದ ಈ ಕೆಲಸದಲ್ಲಿ, 1964ರ ಫೆಬ್ರುವರಿಯಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿ ಆ ಕೋಶಗಳೊಳಗೆ ವೈರಾಣು ಗೋಚರಿಸಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ವರ್ನರ್ ಮತ್ತು ಗರ್ಟ್ರೂಡ್ ಹೆನ್ಲೆ ದಂಪತಿಗೆ ಕೋಶಗಳನ್ನು ಕಳುಹಿಸಿಕೊಡಲಾಯಿತು. ಇದು ಹಿಂದೆಂದೂ ತಿಳಿಯದಿದ್ದ ಹೊಸ ವೈರಾಣು ಎಂದು ಅವರು ದೃಢಪಡಿಸಿದರು. ಎಪ್‌ಸ್ಟೀನ್-ಬಾರ್ ವೈರಾಣು ಎಂಬ ಹೆಸರು ಬಂದದ್ದು ಹೀಗೆ. ಜಗತ್ತಿನ ಬಹುಪಾಲು ವಯಸ್ಕರ ದೇಹದಲ್ಲಿ ನೆಲೆಸಿರುವ ಈ ವೈರಾಣು ಸಾಮಾನ್ಯವಾಗಿ ನಿರುಪದ್ರವಿ. ಮಲೇರಿಯಾ ಮನೆಮಾಡಿರುವ ನೆಲದಲ್ಲಿ ಮಾತ್ರ ಪುಟ್ಟ ಮಕ್ಕಳಿಗೆ ಅದು ಈ ಬಗೆಯಲ್ಲಿ ಮಾರಕವಾಗಿ ಪರಿಣಮಿಸುತ್ತದೆ.

ಹೋದದ್ದು ಮಾದರಿ, ಬಂದದ್ದು ಔಷಧ

ಸಂಶೋಧನೆಯ ಕೀರ್ತಿ ದೂರದ ಪ್ರಯೋಗಾಲಯಗಳಿಗೆ ಸಂದರೆ, ವಾರ್ಡಿನಲ್ಲಿ ಮಲಗಿದ್ದ ಮಗುವಿಗೆ ಏನು ಸಿಕ್ಕಿತು ಎಂಬ ಪ್ರಶ್ನೆ ಏಳುವುದು ಸಹಜ. ಬರ್ಕಿಟ್ ಅವರ ಮಟ್ಟಿಗೆ ಈ ಪ್ರಶ್ನೆಯೇ ಮೊದಲನೆಯದು. ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂಬುದು ಅವರಿಗೆ ಬೇಗ ಮನವರಿಕೆಯಾಗಿತ್ತು. ಕತ್ತರಿಸಿದಷ್ಟೇ ವೇಗವಾಗಿ ಗಡ್ಡೆ ಮತ್ತೆ ಬೆಳೆಯುತ್ತಿತ್ತು. ವಿಕಿರಣ ಚಿಕಿತ್ಸೆಯ ಯಂತ್ರ ಕಂಪಾಲಾದಲ್ಲಿ ಇರಲಿಲ್ಲ.

ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ಜೋಸೆಫ್ ಬರ್ಚೆನಾಲ್ ಮತ್ತು ಹರ್ಬರ್ಟ್ ಓಟ್‌ಗೆನ್ ಪೂರ್ವ ಆಫ್ರಿಕಾಕ್ಕೆ ಬಂದು ಈ ಮಕ್ಕಳನ್ನು ಕಂಡರು. ಅಮೆರಿಕದಲ್ಲಿ ರಕ್ತದ ಕ್ಯಾನ್ಸರ್‌ಗೆ ಬಳಸುತ್ತಿದ್ದ ಮೆಥೊಟ್ರೆಕ್ಸೇಟ್ ಔಷಧವನ್ನು ಕೊಟ್ಟು ನೋಡಲಾಯಿತು. ಮುಂದೆ ಸೈಕ್ಲೊಫಾಸ್ಫಮೈಡ್, ವಿನ್‌ಕ್ರಿಸ್ಟಿನ್‌ಗಳೂ ಬಂದವು. ನೆರೆಯ ಕೀನ್ಯಾದ ನೈರೋಬಿಯಲ್ಲಿ ಪೀಟರ್ ಕ್ಲಿಫರ್ಡ್ ಇದೇ ಹಾದಿಯಲ್ಲಿದ್ದರು. ಕೆಲವು ಮಕ್ಕಳಲ್ಲಿ ಒಂದೆರಡು ಬಾರಿ ಔಷಧ ಕೊಟ್ಟೊಡನೆ ದಿನಗಳೊಳಗೆ ಗಡ್ಡೆ ಕರಗಿತು. ಅವರಲ್ಲಿ ಕೆಲವರಿಗೆ ರೋಗ ಮರುಕಳಿಸಲೇ ಇಲ್ಲ. ಹರಡಿದ ಕ್ಯಾನ್ಸರ್ ಔಷಧದಿಂದ ವಾಸಿಯಾಗಬಹುದೆಂದು ಹೇಳಲು ತಜ್ಞರೇ ಹಿಂಜರಿಯುತ್ತಿದ್ದ ದಿನಗಳವು. ಮನೆಗೆ ಮರಳಿದ ಮಕ್ಕಳು ಬದುಕಿದ್ದಾರೆಯೇ ಎಂಬುದನ್ನು ತಿಳಿಯಲು ಬರ್ಕಿಟ್ ವಾಹನವೇರಿ ಅವರ ಹಳ್ಳಿಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು.

1966ರಲ್ಲಿ ಬರ್ಕಿಟ್ ಉಗಾಂಡ ತೊರೆದು ಲಂಡನ್ನಿಗೆ ಮರಳಿದರು. ಮರುವರ್ಷ, 1967ರಲ್ಲಿ, ಮಕೆರೆರೆ ವಿಶ್ವವಿದ್ಯಾಲಯ ಹಾಗೂ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗಳ ಸಹಯೋಗದಲ್ಲಿ ಮುಲಾಗೊ ಆವರಣದಲ್ಲಿ ಲಿಂಫೋಮಾ ಚಿಕಿತ್ಸಾ ಕೇಂದ್ರ ಆರಂಭವಾಯಿತು. ಯುವ ಅಮೆರಿಕನ್ ವೈದ್ಯ ಜಾನ್ ಝೀಗ್ಲರ್ ಅದರ ಮೊದಲ ನಿರ್ದೇಶಕರು. ಮುಂದೆ ಉಗಾಂಡ ಕ್ಯಾನ್ಸರ್ ಸಂಸ್ಥೆಯಾಗಿ ಬೆಳೆದದ್ದು ಇದೇ ಕೇಂದ್ರ. ಹಲವು ಔಷಧಗಳನ್ನು ಜೊತೆಯಾಗಿ ಕೊಡುವ ಕ್ರಮವನ್ನು ಇಲ್ಲಿ ಶಿಸ್ತಿನಿಂದ ಪರೀಕ್ಷಿಸಲಾಯಿತು. ಅದರ ಪಾಠಗಳು ಪಾಶ್ಚಾತ್ಯ ಆಸ್ಪತ್ರೆಗಳಿಗೂ ತಲುಪಿದವು. 1972ರ ಲಾಸ್ಕರ್ ಪ್ರಶಸ್ತಿಯನ್ನು ಬರ್ಕಿಟ್ ಒಬ್ಬರೇ ಪಡೆಯಲಿಲ್ಲ. ಬರ್ಚೆನಾಲ್, ಓಟ್‌ಗೆನ್, ಕ್ಲಿಫರ್ಡ್, ಝೀಗ್ಲರ್ ಮೊದಲಾದವರೂ ಅದನ್ನು ಹಂಚಿಕೊಂಡರು. ಅದೇ ವರ್ಷ ಬರ್ಕಿಟ್ ರಾಯಲ್ ಸೊಸೈಟಿಯ ಸದಸ್ಯರೂ ಆದರು.

ಮುರಿದದ್ದು, ಮತ್ತೆ ಕಟ್ಟಿದ್ದು

ಸಹಕಾರವೆಂಬುದು ಎಷ್ಟು ಫಲ ಕೊಡಬಲ್ಲದೋ ಅಷ್ಟೇ ಸುಲಭವಾಗಿ ಕಡಿದುಹೋಗಲೂ ಬಲ್ಲದು. 1971ರಲ್ಲಿ ಇದಿ ಅಮಿನ್ ಉಗಾಂಡದ ಅಧಿಕಾರ ಕಸಿದುಕೊಂಡ ಬಳಿಕ ಅಮೆರಿಕದ ವೈದ್ಯರು ಒಬ್ಬೊಬ್ಬರಾಗಿ ದೇಶ ಬಿಟ್ಟರು. ಸಂಸ್ಥೆ ಮುಚ್ಚಲಿಲ್ಲ. ಇದಕ್ಕೆ ಕಾರಣ ಕಟ್ಟಡವಲ್ಲ, ಹಣವಲ್ಲ. ಅಷ್ಟರಲ್ಲಿ ತರಬೇತಿ ಪಡೆದಿದ್ದ ಉಗಾಂಡದ ವೈದ್ಯರು ಮತ್ತು ದಾದಿಯರು. ಚಾರ್ಲ್ಸ್ ಒಲ್ವೆನಿ ಅವರು ಸಂಸ್ಥೆಯ ಹೊಣೆ ಹೊತ್ತು ಕಷ್ಟಕಾಲದಲ್ಲಿ ಅದನ್ನು ನಡೆಸಿದರು. ಆದರೆ ನಂತರದ ದಶಕಗಳಲ್ಲಿ ಔಷಧಗಳ ಕೊರತೆ, ಅಂತರ್ಯುದ್ಧಗಳಿಂದ ಸಂಸ್ಥೆ ನಲುಗಿತು. 2004ರ ವೇಳೆಗೆ ಇಡೀ ದೇಶಕ್ಕೆ ಜ್ಯಾಕ್ಸನ್ ಒರೆಮ್ ಒಬ್ಬರೇ ಕ್ಯಾನ್ಸರ್ ತಜ್ಞರು ಎಂಬ ಸ್ಥಿತಿ ಉಂಟಾಗಿತ್ತು.

ಆ ಹೊತ್ತಿನಲ್ಲಿ ಅಮೆರಿಕದ ಸಿಯಾಟಲ್ ನಗರದ ಫ್ರೆಡ್ ಹಚಿನ್‌ಸನ್ ಕ್ಯಾನ್ಸರ್ ಕೇಂದ್ರದೊಂದಿಗೆ ಹೊಸ ಸಹಯೋಗ ಕುದುರಿತು. ಈ ಬಾರಿ ಮೊದಲ ಆದ್ಯತೆ ದೊರೆತದ್ದು ಉಗಾಂಡದ ವೈದ್ಯರ ತರಬೇತಿಗೆ. 2015ರಲ್ಲಿ ಕಂಪಾಲಾದಲ್ಲಿ ಎರಡೂ ಸಂಸ್ಥೆಗಳ ಜಂಟಿ ಕೇಂದ್ರದ ಹೊಸ ಕಟ್ಟಡ ಉದ್ಘಾಟನೆಗೊಂಡಿತು. ಚಿಕಿತ್ಸೆ ಮತ್ತು ಸಂಶೋಧನೆ ಒಂದೇ ಸೂರಿನಡಿ ನಡೆಯಬೇಕೆಂಬುದು ಅದರ ಉದ್ದೇಶ.

ಕಂಪಾಲಾದ ಪಾಠ ಭಾರತವನ್ನೂ ತಲುಪಿತೆಂಬುದು ಇಲ್ಲಿ ಉಲ್ಲೇಖನೀಯ. ಕಂಪಾಲಾದ ಕೇಂದ್ರದಲ್ಲಿ ದುಡಿದು, ಬಳಿಕ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಸೇರಿದ ಇಯಾನ್ ಮಗ್ರಾತ್ ಅವರು 1980ರ ದಶಕದಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈನ ಕ್ಯಾನ್ಸರ್ ಸಂಸ್ಥೆ ಹಾಗೂ ದೆಹಲಿಯ ಏಮ್ಸ್ ವೈದ್ಯರ ಜೊತೆಗೂಡಿ ಮಕ್ಕಳ ಮತ್ತು ಯುವಜನರ ರಕ್ತದ ಕ್ಯಾನ್ಸರ್‌ಗೆ ಏಕರೂಪದ ಚಿಕಿತ್ಸಾ ಕ್ರಮವೊಂದನ್ನು ಜಾರಿಗೆ ತಂದರು. ಎಂಸಿಪಿ 841 ಎಂಬುದು ಅದರ ಹೆಸರು. ಅದಕ್ಕೂ ಮುನ್ನ ನಾಲ್ಕು ವರ್ಷಗಳ ಬಳಿಕವೂ ರೋಗ ಮರುಕಳಿಸದೆ ಬದುಕುಳಿಯುತ್ತಿದ್ದವರ ಪ್ರಮಾಣ ಶೇಕಡಾ 20ಕ್ಕಿಂತ ಕಡಿಮೆ. ಹೊಸ ಕ್ರಮ ಮತ್ತು ಉತ್ತಮಗೊಂಡ ಆರೈಕೆಯಿಂದ ಈ ಮೂರು ಕೇಂದ್ರಗಳಲ್ಲಿ ಅದು ಶೇಕಡಾ 45ರಿಂದ 60ಕ್ಕೆ ಏರಿತು. ಮೂರು ಆಸ್ಪತ್ರೆಗಳು ಒಂದೇ ವಿಧಾನ ಅನುಸರಿಸಿ ಫಲಿತಾಂಶಗಳನ್ನು ಹೋಲಿಸಿಕೊಂಡದ್ದರಿಂದಲೇ ಲೋಪಗಳು ಎಲ್ಲಿವೆ ಎಂಬುದು ತಿಳಿದುಬಂತು.

ನಾರಿನತ್ತ ಹೊರಳಿದ ದೃಷ್ಟಿ

ಲಂಡನ್ನಿಗೆ ಮರಳಿದ ಬರ್ಕಿಟ್ ಅವರ ಆಸಕ್ತಿ ಆಹಾರದ ಕಡೆ ಹೊರಳಿತು. ದೊಡ್ಡ ಕರುಳಿನ ಕ್ಯಾನ್ಸರ್, ಮಲಬದ್ಧತೆ, ಮೂಲವ್ಯಾಧಿಗಳು ಪಾಶ್ಚಾತ್ಯ ದೇಶಗಳಲ್ಲಿ ಸರ್ವೇಸಾಮಾನ್ಯ. ಆಫ್ರಿಕಾದ ಹಳ್ಳಿಗಳಲ್ಲಿ ವಿರಳ. ಅವರು ಮತ್ತೆ ತಮ್ಮ ಹಳೆಯ ಮಿಷನ್ ಆಸ್ಪತ್ರೆಗಳ ಬಳಗಕ್ಕೆ ಪತ್ರ ಬರೆದು ಪ್ರತಿ ತಿಂಗಳೂ ಮಾಹಿತಿ ತರಿಸಿಕೊಂಡರು. ಆಹಾರದಲ್ಲಿ ನಾರಿನಂಶ ಕಡಿಮೆಯಾದದ್ದೇ ಈ ಕಾಯಿಲೆಗಳಿಗೆ ದಾರಿ ಎಂಬುದು ಅವರ ವಾದ. ತವುಡು ತೆಗೆಯದ ಧಾನ್ಯ, ಕಾಳು, ತರಕಾರಿಗಳ ಮಹತ್ವವನ್ನು ಜನಸಾಮಾನ್ಯರಿಗೆ ಮನಗಾಣಿಸಿದವರಲ್ಲಿ ಅವರು ಪ್ರಮುಖರು. ಅವರ ವಾದದ ಕೆಲವು ಭಾಗಗಳು ವಿವಾದಕ್ಕೆ ಒಳಗಾದರೂ, ನಾರಿನಂಶವುಳ್ಳ ಇಡಿಧಾನ್ಯಗಳು ಕರುಳಿನ ಕ್ಯಾನ್ಸರ್‌ನ ಸಾಧ್ಯತೆಯನ್ನು ತಗ್ಗಿಸುತ್ತವೆ ಎಂಬುದನ್ನು ನಂತರದ ದೊಡ್ಡ ಅಧ್ಯಯನಗಳು ಬೆಂಬಲಿಸಿವೆ.

1993ರ ಮಾರ್ಚ್ 23ರಂದು, ತಮ್ಮ 82ನೇ ವಯಸ್ಸಿನಲ್ಲಿ, ಬರ್ಕಿಟ್ ಇಂಗ್ಲೆಂಡಿನಲ್ಲಿ ನಿಧನರಾದರು.

ಉಳಿದಿರುವ ಲೆಕ್ಕ

ಬರ್ಕಿಟ್ ಲಿಂಫೋಮಾ ಶ್ರೀಮಂತ ದೇಶದ ಮಗುವಿಗೆ ಬಂದರೆ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣಮುಖರಾಗುತ್ತಾರೆ. ರೋಗ ಅತಿ ಹೆಚ್ಚಾಗಿರುವ ಆಫ್ರಿಕಾದ ಅನೇಕ ಕಡೆಗಳಲ್ಲಿ ಅರ್ಧದಷ್ಟು ಮಕ್ಕಳು ಉಳಿದರೂ ಹೆಚ್ಚು. ಔಷಧಗಳ ಪರಿಣಾಮ ಮೊದಲು ಸಾಬೀತಾದದ್ದು ಅದೇ ನೆಲದ ಮಕ್ಕಳ ಮೇಲೆ ಎಂಬುದನ್ನು ನೆನೆದರೆ ಈ ಅಂತರ ಇನ್ನಷ್ಟು ಕಹಿಯೆನಿಸುತ್ತದೆ. ತಡವಾಗಿ ಆಸ್ಪತ್ರೆಗೆ ಬರುವುದು, ರೋಗಪತ್ತೆಯ ಸೌಲಭ್ಯವಿಲ್ಲದಿರುವುದು, ಔಷಧ ನಡುವೆ ನಿಂತುಹೋಗುವುದು, ಪ್ರಯಾಣದ ಖರ್ಚಿಗೆ ಹೆದರಿ ಹೆತ್ತವರು ಚಿಕಿತ್ಸೆ ಕೈಬಿಡುವುದು ಇದಕ್ಕೆ ಮುಖ್ಯ ಕಾರಣಗಳು. ಇವುಗಳಲ್ಲಿ ಒಂದೂ ವಿಜ್ಞಾನಕ್ಕೆ ನಿಲುಕದ ಒಗಟಲ್ಲ.

2030ರ ವೇಳೆಗೆ ಜಗತ್ತಿನಾದ್ಯಂತ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಕನಿಷ್ಠ ಶೇಕಡಾ 60ರಷ್ಟು ಮಂದಿ ಬದುಕುಳಿಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಅದಕ್ಕಾಗಿ ದೇಶ ದೇಶಗಳ ಕ್ಯಾನ್ಸರ್ ಕೇಂದ್ರಗಳು ಇಂದು ಕ್ಷಣಾರ್ಧದಲ್ಲಿ ಮಾಹಿತಿ ವಿನಿಮಯ ಮಾಡಿಕೊಳ್ಳುತ್ತಿವೆ. ಬರ್ಕಿಟ್ ಅವರ ಕಾಲದಲ್ಲಿ ಇದ್ದದ್ದು ಅಂಚೆಚೀಟಿ, ಹಳೆಯ ವಾಹನ ಮತ್ತು ರಾತ್ರಿಯ ವಿಮಾನ. ಆದರೂ ಅವರ ಬಲೆಯಲ್ಲಿ ಮಾಹಿತಿ ಒಂದು ದಿಕ್ಕಿಗೆ ಹರಿದಂತೆ ಔಷಧ ಇನ್ನೊಂದು ದಿಕ್ಕಿಗೆ ಹರಿಯಿತು. ಕಾಗದದ ಮೇಲಿನ ಒಪ್ಪಂದಗಳು ಎಷ್ಟೇ ಇರಲಿ, ಅವುಗಳ ಬೆಲೆ ನಿರ್ಧಾರವಾಗುವುದು ತೀರಾ ದೂರದ ಹಳ್ಳಿಯಿಂದ ಬಂದ ಮಗು ವಾಸಿಯಾಗಿ ಮನೆಗೆ ಮರಳಿತೇ ಎಂಬುದರಿಂದ. ಹಳ್ಳಿಯ ದಾರಿ ಹಿಡಿದು ಅದನ್ನು ಸ್ವತಃ ನೋಡಿಬರುತ್ತಿದ್ದ ವೈದ್ಯರ ಹೆಸರು ಆ ರೋಗದ ಜೊತೆಗೆ ಉಳಿದಿರುವುದು ಅರ್ಥಪೂರ್ಣವೇ ಸರಿ.